ಹೋಂ ಥಿಯೇಟರ್: ಅಳತೆ ಯಾರ ಕುರ್ಚಿಯಿಂದ?

ನಮ್ಮ ಸದಸ್ಯ ಬಂಧುಗಳಲ್ಲಿ ಹಲವರು ಮನೆಯ ಬೇಸ್‌ಮೆಂಟಿನಲ್ಲಿ ಐದಾರು ಸ್ಪೀಕರುಗಳ ಹೋಂ ಥಿಯೇಟರ್ ಹೂಡಿಕೊಂಡಿದ್ದಾರೆ. ವಾರಾಂತ್ಯದಲ್ಲಿ ನಾಲ್ಕು ಮನೆಯವರು ಕಲೆತು ಕನ್ನಡ ಚಿತ್ರ ನೋಡುವುದೂ ಉಂಟು. ಆಗ ಕೇಳಿಬರುವ ದೂರು ಒಂದೇ: “ಸದ್ದೇನೋ ಭರ್ಜರಿ, ಮಾತೇ ತಿಳಿಯುವುದಿಲ್ಲ.” ಊರಿನಿಂದ ಬಂದ ಅಜ್ಜಿ ಹೇಳುವುದೂ ಇದನ್ನೇ, ಇಲ್ಲಿ ಹುಟ್ಟಿದ ಮೊಮ್ಮಗ ಹೇಳುವುದೂ ಇದನ್ನೇ. ಇದಕ್ಕೆ ಕಾರಣಗಳು ಹಲವಿದ್ದರೂ, ಕಾಸು ಖರ್ಚಿಲ್ಲದೆ ಒಂದು ಅಳತೆ ಟೇಪಿನಿಂದಲೇ ಸರಿಪಡಿಸಬಹುದಾದ ಕಾರಣವೊಂದಿದೆ. ಅದರ ಬಗ್ಗೆ ನಾಲ್ಕು ಮಾತು.

ಬೆಳಕಿಗೆ ಹೋಲಿಸಿದರೆ ಶಬ್ದ ಬಹಳ ನಿಧಾನ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸಾಧಾರಣ ಉಷ್ಣತೆಯ ಕೋಣೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೧೧೨೫ ಅಡಿ ಸಾಗುತ್ತದೆ. ಎಂದರೆ ಒಂದು ಅಡಿಗೆ ಸುಮಾರು ೦.೯ ಮಿಲಿಸೆಕೆಂಡ್, ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು.

ಇಷ್ಟು ಸಣ್ಣ ಅಂತರ ಕಿವಿಗೆ ಲೆಕ್ಕವೇ ಎಂದು ತಾವು ಕೇಳಬಹುದು. ಹೌದು, ಲೆಕ್ಕವೇ. ಜರ್ಮನಿಯ ಹೆಲ್ಮುಟ್ ಹಾಸ್ ಎಂಬುವರು ೧೯೪೯ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನು ತೋರಿಸಿಕೊಟ್ಟರು. ಒಂದೇ ಮಾತು ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ, ಮೊದಲು ಮುಟ್ಟಿದ ಕಡೆಯಿಂದಲೇ ಮಾತು ಬಂತೆಂದು ಕಿವಿ ತೀರ್ಮಾನಿಸಿಬಿಡುತ್ತದೆ. ಎರಡನೆಯದು ತುಸು ಜೋರಾಗಿದ್ದರೂ ಈ ತೀರ್ಮಾನ ಬದಲಾಗುವುದಿಲ್ಲ. ಅಂತರ ಬಹಳ ಹೆಚ್ಚಿದರೆ ಮಾತ್ರ ಅದು ಗೋಲಗುಮ್ಮಟದಲ್ಲಿ ಕೇಳುವಂತೆ ಪ್ರತಿಧ್ವನಿಯಾಗುತ್ತದೆ.

ಈಗ ನಮ್ಮ ಬೇಸ್‌ಮೆಂಟಿಗೆ ಬರೋಣ. ಸೋಫಾದಿಂದ ಮುಂದಿನ ಎಡ-ಬಲ ಸ್ಪೀಕರುಗಳು ೧೧ ಅಡಿ, ನಡುವಿನದು ೧೦ ಅಡಿ, ಹಿಂದಿನವು ೫ ಅಡಿ ದೂರ ಎಂದಿಟ್ಟುಕೊಳ್ಳಿ. ಹಳೆಯ ಚಿತ್ರವೊಂದನ್ನು ಎಲ್ಲ ಸ್ಪೀಕರುಗಳಿಂದಲೂ ಒಂದೇ ಧ್ವನಿ ಬರುವಂತೆ ಹಾಕಿದರೆ, ಹಿಂದಿನ ಸದ್ದು ಐದು ಮಿಲಿಸೆಕೆಂಡಿಗೂ ಹೆಚ್ಚು ಮುಂಚೆ ಬಂದು ಮುಟ್ಟುತ್ತದೆ. ನಾಯಕ ಪರದೆಯ ಮೇಲೆ ತುಟಿ ಆಡಿಸುತ್ತಾನೆ, ಮಾತು ನಮ್ಮ ಬೆನ್ನ ಹಿಂದಿನಿಂದ ಕೇಳುತ್ತದೆ. ಮಾತಿನ ಹರಿತವೂ ಕುಂದುತ್ತದೆ.

ಉಪಾಯ ಸರಳ. ಎಲ್ಲಕ್ಕಿಂತ ದೂರದ ಸ್ಪೀಕರಿಗೆ ವಿಳಂಬ ಸೊನ್ನೆ. ಹತ್ತಿರದವುಗಳಿಗೆ, ಎಷ್ಟು ಅಡಿ ಹತ್ತಿರವೋ ಅದನ್ನು ೦.೯ರಿಂದ ಗುಣಿಸಿದಷ್ಟು ಮಿಲಿಸೆಕೆಂಡ್. ನಮ್ಮ ಲೆಕ್ಕದಲ್ಲಿ ನಡುವಿನದಕ್ಕೆ ಸುಮಾರು ೧, ಹಿಂದಿನವಕ್ಕೆ ಸುಮಾರು ೫. ಇಂದಿನ ಹೆಚ್ಚಿನ ರಿಸೀವರುಗಳು ವಿಳಂಬವನ್ನು ಕೇಳುವುದಿಲ್ಲ, ದೂರವನ್ನು ಕೇಳುತ್ತವೆ. ಅಳೆದ ದೂರವನ್ನು ಇದ್ದಂತೆಯೇ ಕೊಟ್ಟರಾಯಿತು, ಗುಣಾಕಾರ ಯಂತ್ರದ ಪಾಲಿಗೆ. ರಿಸೀವರ್ ತನ್ನ ಮೈಕಿನಿಂದಲೇ ಅಳೆಯುವಾಗ ಸಬ್‌ವೂಫರಿನ ದೂರವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಿದರೆ ತಿದ್ದಬೇಡಿ. ಆ ಪೆಟ್ಟಿಗೆಯ ಒಳಗೇ ಆಗುವ ವಿಳಂಬವನ್ನೂ ಅದು ಸೇರಿಸಿಕೊಂಡಿರುತ್ತದೆ.

ತುಟಿಗೂ ಮಾತಿಗೂ ಹೊಂದದಿದ್ದರೆ ಅದು ಬೇರೆ ರೋಗ. ಟಿ.ವಿ. ಚಿತ್ರವನ್ನು ಸಿದ್ಧಪಡಿಸಲು ಸಮಯ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮಾತು ಮುಂದೆ ಓಡಿರುತ್ತದೆ. ಅದಕ್ಕೆ ಎಲ್ಲ ಸ್ಪೀಕರುಗಳನ್ನೂ ಒಟ್ಟಿಗೇ ತಡೆಯುವ ಬೇರೊಂದು ಸೆಟ್ಟಿಂಗ್ ಇರುತ್ತದೆ. ಮಾತು ಸುಮಾರು ೪೫ ಮಿಲಿಸೆಕೆಂಡ್ ಮುಂದಾದರೆ ಸಾಕು, ಗೊತ್ತಾಗುತ್ತದೆ. ಹಿಂದಾದರೆ ಸುಮಾರು ೧೨೫ರವರೆಗೂ ಗೊತ್ತಾಗದು. ಸದ್ದು ಬೆಳಕಿನ ಹಿಂದೆಯೇ ಬರುವುದು ನಮಗೆ ಹುಟ್ಟಿನಿಂದ ರೂಢಿಯಲ್ಲವೇ!

ಇನ್ನು ಮುಖ್ಯ ಮಾತು. ಈ ಲೆಕ್ಕ ಪೂರ್ತಿ ಸರಿಯಾಗುವುದು ಒಂದೇ ಕುರ್ಚಿಗೆ. ಮೂರಡಿ ಪಕ್ಕಕ್ಕೆ ಸರಿದರೂ ಒಂದೆರಡು ಮಿಲಿಸೆಕೆಂಡ್ ವ್ಯತ್ಯಾಸವಾಗಬಹುದು. ಸಾಮಾನ್ಯವಾಗಿ ಯಜಮಾನರು ತಾವು ಕೂರುವ ನಡುವಿನ ಜಾಗದಿಂದಲೇ ಅಳೆಯುತ್ತಾರೆ. ಆದರೆ ಅವರಿಗೆ ಅರ್ಧ ಮಾತು ಕೇಳಿದರೂ ಉಳಿದರ್ಧ ಊಹೆಗೆ ಸಿಗುತ್ತದೆ. ಕಿವಿ ಮಂದವಾದ ಹಿರಿಯರಿಗೆ, ಕನ್ನಡ ಇನ್ನೂ ಕಲಿಯುತ್ತಿರುವ ಮಗುವಿಗೆ ಆ ಅನುಕೂಲವಿಲ್ಲ. ನಮ್ಮ ಎಷ್ಟೋ ಮಕ್ಕಳಿಗೆ ತಂದೆತಾಯಿಯರ ದನಿ ಬಿಟ್ಟರೆ ಬೇರೆಯವರ ಕನ್ನಡ ಕಿವಿಗೆ ಬೀಳುವುದು ಚಿತ್ರಗಳಿಂದಲೇ. ಮಾತು ಸ್ಪಷ್ಟವಾಗದಿದ್ದರೆ ಮಗುವಿನ ಕಣ್ಣು ಕೆಳಗಿನ ಇಂಗ್ಲಿಷ್ ಸಾಲುಗಳಿಗೆ ಇಳಿಯುತ್ತದೆ. ಆಮೇಲೆ ಕಿವಿ ಕನ್ನಡಕ್ಕೆ ಕಾಯುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಇಷ್ಟೇ: ಟೇಪಿನ ಒಂದು ತುದಿಯನ್ನು ಮಗು ಅಥವಾ ಅಜ್ಜಿ ಕೂರುವ ಜಾಗದಲ್ಲಿ, ಅವರ ಕಿವಿಯ ಎತ್ತರಕ್ಕೆ ಹಿಡಿದು ಅಳೆಯಿರಿ. ಇಬ್ಬರಿದ್ದರೆ ಅರ್ಧ ಗಂಟೆಯ ಕೆಲಸ.