ಕಾಣದಂತೆ ಮಾಡುವುದೂ ಇಲ್ಲದಂತೆ ಮಾಡುವುದೂ

2019ರ ಜನವರಿ 8ರಂದು ವಾಷಿಂಗ್ಟನ್ ನಗರದ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ, 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪರ ಪ್ರಚಾರಕಾರ್ಯದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟರ ಪರವಾಗಿ, ಅವರ ವಕೀಲರು ಒಂದು ಲಿಖಿತ ಉತ್ತರವನ್ನು ಸಲ್ಲಿಸಿದರು. ಸಾರ್ವಜನಿಕರು ಓದಕೂಡದೆಂದು ತೀರ್ಮಾನವಾಗಿದ್ದ ವಾಕ್ಯಗಳ ಮೇಲೆಲ್ಲ ಕಪ್ಪು ಪಟ್ಟೆಗಳು ಅಚ್ಚುಕಟ್ಟಾಗಿ ಬಿದ್ದಿದ್ದವು. ಆದರೆ ವರದಿಗಾರರು ಆ ಪಟ್ಟೆ ಬಿದ್ದ ಭಾಗವನ್ನು ಗುರುತುಮಾಡಿ, ನಕಲು ತೆಗೆದು, ಖಾಲಿ ಪುಟವೊಂದಕ್ಕೆ ಅಂಟಿಸಿದೊಡನೆಯೇ ಅಡಗಿದ್ದ ಅಕ್ಷರಗಳೆಲ್ಲ ಯಥಾವತ್ತಾಗಿ ಎದ್ದುಬಂದವು. ಚುನಾವಣೆಗೆ ಸಂಬಂಧಿಸಿದ ಜನಾಭಿಪ್ರಾಯ ಸಮೀಕ್ಷೆಯ ಅಂಕಿಅಂಶಗಳನ್ನು ಕಾನ್‌ಸ್ಟಾಂಟಿನ್ ಕಿಲಿಮ್‌ನಿಕ್ ಎಂಬ ಸಹವರ್ತಿಯೊಡನೆ ಹಂಚಿಕೊಂಡ ವಿಷಯದಲ್ಲಿ ಮ್ಯಾನಫೋರ್ಟರು ಸುಳ್ಳು ಹೇಳಿದರೆಂದು ಸರ್ಕಾರದ ವಿಶೇಷ ಅಭಿಯೋಜಕರು ಆಪಾದಿಸುತ್ತಿರುವ ಸಂಗತಿ, ಯಾರಿಂದ ಗೋಪ್ಯವಾಗಿರಬೇಕಿತ್ತೋ ಆ ಲೋಕಕ್ಕೇ ಅಂದು ಸಂಜೆಯೊಳಗೆ ತಿಳಿದುಹೋಯಿತು.

ಈ ಪ್ರಮಾದದ ಮೂಲವನ್ನು ತಿಳಿಯಬೇಕಾದರೆ ಪಿಡಿಎಫ್ ಎಂಬ ಕಡತದ ಒಳರಚನೆಯನ್ನು ತುಸು ಅರಿಯಬೇಕು. ನಮ್ಮ ಕಣ್ಣಿಗೆ ಒಂದೇ ಪುಟವಾಗಿ ತೋರುವ ಅದು ವಾಸ್ತವದಲ್ಲಿ, ಇಂಥ ಅಕ್ಷರವನ್ನು ಇಂಥ ಸ್ಥಾನದಲ್ಲಿ ಬರೆ, ಈ ರೇಖೆಯನ್ನು ಇಲ್ಲಿಂದ ಅಲ್ಲಿಗೆ ಎಳೆ, ಈ ಚೌಕಕ್ಕೆ ಈ ಬಣ್ಣ ತುಂಬು ಎಂದು ಗಣಕಯಂತ್ರಕ್ಕೆ ಒಂದಾದಮೇಲೊಂದರಂತೆ ಕೊಟ್ಟ ಆಜ್ಞೆಗಳ ಸಮೂಹ. ಅಕ್ಷರಗಳ ಮೇಲೆ ಕಪ್ಪು ಚೌಕವನ್ನೆಳೆದವನು ಆ ಸಮೂಹಕ್ಕೆ ಹೊಸದೊಂದು ಆಜ್ಞೆಯನ್ನು ಸೇರಿಸಿದನೇ ಹೊರತು ಹಳೆಯದನ್ನು ಕಿತ್ತುಹಾಕಲಿಲ್ಲ. ಗೋಡೆಯ ಬರಹಕ್ಕೆ ತೆರೆ ಇಳಿಬಿಟ್ಟ ಮಾತ್ರಕ್ಕೆ ಬರಹ ಅಳಿದೀತೆ? 2005ರ ಮಾರ್ಚಿನಲ್ಲಿ, ಅಪಹೃತಳಾಗಿದ್ದ ಪತ್ರಕರ್ತೆಯೊಬ್ಬಳನ್ನು ಬಿಡಿಸಿ ಕರೆತರುತ್ತಿದ್ದ ನಿಕೊಲಾ ಕಲಿಪಾರಿ ಎಂಬ ಇಟಲಿಯ ಅಧಿಕಾರಿ ಬಾಗ್ದಾದಿನ ತಪಾಸಣಾ ಠಾಣೆಯ ಬಳಿ ಅಮೆರಿಕನ್ ಸೈನಿಕರ ಗುಂಡಿಗೆ ಬಲಿಯಾದಾಗಲೂ ಹೀಗೆಯೇ ಆಯಿತು: ಅಮೆರಿಕದ ಸೇನೆ ಪ್ರಕಟಿಸಿದ ತನಿಖಾ ವರದಿಯ ಕಪ್ಪು ಚೌಕಗಳ ಕೆಳಗಿನಿಂದ ಸೈನಿಕರ ಹೆಸರುಗಳೂ ಠಾಣೆಯ ಕಾರ್ಯವಿಧಾನಗಳೂ ಓದುಗರ ಕೈಸೇರಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಮರೆಮಾಡುವ ಕಾರ್ಯಕ್ಕೆಂದೇ ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಮೂಲ ದಸ್ತಾವೇಜಿನ ಪ್ರತಿಯಲ್ಲಿ ಗೋಪ್ಯಪದಗಳನ್ನೇ ತೆಗೆದು, ಅವುಗಳ ಜಾಗದಲ್ಲಿ ಅರ್ಥಹೀನ ಅಕ್ಷರಗಳನ್ನು ತುಂಬಿ, ಅನಂತರವೇ ಪಿಡಿಎಫ್ ಮಾಡತಕ್ಕದ್ದೆಂಬುದು ಅದರ ಸಾರ. ಅಷ್ಟಾದರೂ 2009ರ ಡಿಸೆಂಬರಿನಲ್ಲಿ ಅಮೆರಿಕದ ವಿಮಾನನಿಲ್ದಾಣಗಳ ತಪಾಸಣೆಯ ಕೈಪಿಡಿಯೊಂದು ಅದೇ ಬಗೆಯ ಹುಸಿ ಚೌಕಗಳೊಡನೆ ಅಂತರ್ಜಾಲದಲ್ಲಿ ಸಿಕ್ಕಿತು. ಕಾಗದವೂ ಈ ವಿಷಯದಲ್ಲಿ ಪೂರ್ಣ ವಿಶ್ವಾಸಾರ್ಹವಲ್ಲ; 2023ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಮೇಲಿನ ವ್ಯಾಜ್ಯದಲ್ಲಿ ಸೋನಿ ಸಂಸ್ಥೆಯ ಪತ್ರವೊಂದರ ಅಂಕಿಗಳನ್ನು ಮಸಿಯ ಪೆನ್ನಿನಿಂದ ಬಳಿದು ಸ್ಕ್ಯಾನ್ ಮಾಡಿದ್ದರೂ, ಮಸಿಯ ತೆಳುಪದರದ ಕೆಳಗೆ ಅವು ಓದುವಷ್ಟು ನಿಚ್ಚಳವಾಗಿಯೇ ಉಳಿದಿದ್ದವು.

ದಸ್ತಾವೇಜುಗಳು ಹತ್ತೋ ಇಪ್ಪತ್ತೋ ಆಗಿದ್ದರೆ ಇದೆಲ್ಲ ಎಚ್ಚರಿಕೆಯ ಮಾತಷ್ಟೇ ಆಗಿ ಮುಗಿಯುತ್ತಿತ್ತು. ಆದರೆ ಅಮೆರಿಕದ ದಾವೆಗಳಲ್ಲಿ ವಿಚಾರಣೆಗೆ ಮೊದಲೇ ಉಭಯಪಕ್ಷಗಳೂ ತಮ್ಮಲ್ಲಿರುವ ಸಂಬಂಧಪಟ್ಟ ಕಾಗದಪತ್ರಗಳನ್ನು ಒಬ್ಬರಿಗೊಬ್ಬರು ಒಪ್ಪಿಸಬೇಕೆಂಬ ನಿಯಮವಿದೆ. ದೊಡ್ಡ ಸಂಸ್ಥೆಯೊಂದರ ಇ-ಮೇಲ್‌ಗಳೇ ಲಕ್ಷಗಟ್ಟಲೆ ಇರುವಾಗ, ಅವುಗಳೊಳಗೆ ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಗೋಪ್ಯ ಮಾತುಕತೆಯೂ, ನೌಕರರ ವೈದ್ಯಕೀಯ ವಿವರಗಳೂ, ಬ್ಯಾಂಕ್ ಖಾತೆಗಳೂ ಕಲೆತುಹೋಗಿರುವಾಗ, ಕೊಡಲೇಬೇಕಾದುದನ್ನು ಕೊಟ್ಟು, ಕಾಪಾಡಲೇಬೇಕಾದುದನ್ನು ಕಾಪಾಡುವುದು ಮನುಷ್ಯಮಾತ್ರರ ಕೈಬಲಕ್ಕೆ ಮೀರಿದ ಕೆಲಸವಾಗುತ್ತದೆ. ರಿಲೇಟಿವಿಟಿ, ಎವರ್‌ಲಾ, ನ್ಯೂಯಿಕ್ಸ್ ಮುಂತಾದ ಹೆಸರಿನ ಪರಿಶೀಲನಾ ತಂತ್ರಾಂಶಗಳು ಹುಟ್ಟಿದ್ದು ಈ ಒತ್ತಡದಿಂದ.

ಇವುಗಳ ಕಾರ್ಯವಿಧಾನವನ್ನು ಸ್ಥೂಲವಾಗಿ ಹೇಳುವುದಾದರೆ, ಮೊದಲು ಕಡತಗಳನ್ನೆಲ್ಲ ಒಳತೆಗೆದುಕೊಂಡು, ಪ್ರತಿಯೊಂದರ ಒಳವಸ್ತುವಿನಿಂದ ಒಂದು ಗಣಿತಮುದ್ರೆಯನ್ನು ಕಟ್ಟಿ, ಮುದ್ರೆ ಒಂದೇ ಆದ ಕಡತಗಳು ತದ್ರೂಪು ಪ್ರತಿಗಳೆಂದು ತಿಳಿದು ಅವನ್ನು ಒಂದಕ್ಕಿಳಿಸುತ್ತವೆ. ಬರಹವನ್ನು ಹುಡುಕಲು ಬರುವಂತೆ ಸೂಚಿ ಮಾಡುತ್ತವೆ. ಬಳಿಕ ಪರಿಶೀಲಕನ ಮುಂದೆ ಒಂದೊಂದು ಪುಟವನ್ನೂ ಚಿತ್ರರೂಪದಲ್ಲಿ ಇಡುತ್ತವೆ. ಆತ ಮರೆಮಾಡಬೇಕಾದ ಭಾಗದ ಮೇಲೆ ಚೌಕವನ್ನೆಳೆದು, ‘ವಕೀಲ-ಕಕ್ಷಿ ಗೋಪ್ಯತೆ’ ಎಂದೋ ‘ವೈಯಕ್ತಿಕ ಮಾಹಿತಿ’ ಎಂದೋ ಕಾರಣವನ್ನು ನಮೂದಿಸುತ್ತಾನೆ. ಗಮನಿಸಬೇಕಾದ ಅಂಶವೆಂದರೆ, ಈ ಹಂತದಲ್ಲಿ ಆ ಚೌಕವು ಬರಿಯ ಗುರುತು. ಮೂಲ ಕಡತಕ್ಕೆ ಏನೂ ಆಗಿರುವುದಿಲ್ಲ, ಹಿರಿಯ ವಕೀಲರು ನೋಡಿ ತಿದ್ದಲಿಕ್ಕೂ ತೆಗೆಯಲಿಕ್ಕೂ ಅವಕಾಶವಿರುತ್ತದೆ. ಎಲ್ಲ ಮುಗಿದು ಎದುರುಕಕ್ಷಿಗೆ ಒಪ್ಪಿಸುವ ಪ್ರತಿಯನ್ನು ಸಿದ್ಧಪಡಿಸುವಾಗ ಮಾತ್ರ ತಂತ್ರಾಂಶವು ಚೌಕವನ್ನು ಚಿತ್ರದೊಳಕ್ಕೆ ಸುಟ್ಟಂತೆ ಬೆಸೆದು, ಅದರಡಿಯ ಚುಕ್ಕಿಗಳನ್ನೇ ಇಲ್ಲವಾಗಿಸುತ್ತದೆ, ಮತ್ತು ಪುಟಪುಟಕ್ಕೂ ಬೇಟ್ಸ್ ಸಂಖ್ಯೆಯನ್ನು ಒತ್ತುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಡ್ವಿನ್ ಬೇಟ್ಸ್ ಎಂಬಾತ ನಿರ್ಮಿಸಿದ, ಪ್ರತಿ ಒತ್ತಿಗೂ ತಾನಾಗಿ ಅಂಕಿ ಏರುವ ಕೈಮುದ್ರೆಯ ಹೆಸರು ಇಂದಿಗೂ ಈ ಪುಟಗಳ ಮೂಲೆಯಲ್ಲಿ ಜೀವಂತವಾಗಿದೆ.

ಅಪಾಯ ಅಡಗಿರುವುದು ಚಿತ್ರದ ಪಕ್ಕದಲ್ಲಿ. ಪುಟದ ಚಿತ್ರದೊಡನೆ ಆ ಪುಟದ ಬರಹವನ್ನೂ, ಕಳಿಸಿದವರಾರು, ವಿಷಯವೇನು, ಯಾವ ದಿನ ಎಂಬ ಉಪಮಾಹಿತಿಯನ್ನೂ ಪ್ರತ್ಯೇಕ ಕಡತಗಳಾಗಿ ಒಪ್ಪಿಸುವ ವಾಡಿಕೆಯಿದೆ. ಚಿತ್ರದಲ್ಲಿ ಹೆಸರು ಮಾಯವಾಗಿ, ಬರಹದ ಕಡತದಲ್ಲಿ ಅದೇ ಹೆಸರು ಉಳಿದರೆ ಇಡೀ ಪರಿಶ್ರಮ ವ್ಯರ್ಥ. ಆದಕಾರಣ ಚೌಕ ಬೆಸೆದ ಚಿತ್ರದಿಂದಲೇ ಹೊಸದಾಗಿ ಬರಹವನ್ನು ಓದಿಸಿ, ಹಳೆಯದನ್ನು ತಡೆಹಿಡಿಯಬೇಕು. ಎಕ್ಸೆಲ್ ಹಾಳೆಗಳ ವಿಷಯವಂತೂ ಇನ್ನೂ ಸೂಕ್ಷ್ಮ. ಅವಿತಿಟ್ಟ ಅಡ್ಡಸಾಲುಗಳು, ಕಣ್ಣಿಗೆ ಬೀಳದ ಹಾಳೆಗಳು, ಮರೆಮಾಡಿದ ಸಂಖ್ಯೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು ಮೊತ್ತವನ್ನು ಹೇಳಿಬಿಡುವ ಸೂತ್ರಗಳು, ಇವೆಲ್ಲವನ್ನೂ ಒಂದೊಂದಾಗಿ ಶೋಧಿಸದೆ ಆ ಹಾಳೆಯನ್ನು ಹೊರಗೆ ಬಿಡುವಂತಿಲ್ಲ.

2017ರ ಜುಲೈಯಲ್ಲಿ ಬೆಳಕಿಗೆ ಬಂದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣ ಈ ವೃತ್ತಿಯವರಿಗೆ ದೊಡ್ಡ ಪಾಠವಾಯಿತು. ವ್ಯಾಜ್ಯವೊಂದರಲ್ಲಿ ಮಾಜಿ ನೌಕರನೊಬ್ಬನಿಗೆ ಒಪ್ಪಿಸಿದ ಕಡತಗಳಲ್ಲಿ, ಬ್ಯಾಂಕಿನ ಸಿರಿವಂತ ಗ್ರಾಹಕರಾದ ಹತ್ತಾರು ಸಾವಿರ ಮಂದಿಯ ಹೆಸರು, ಗುರುತಿನ ಸಂಖ್ಯೆ, ಹಣಕಾಸಿನ ವಿವರ ಯಾವ ಮರೆಯೂ ಇಲ್ಲದೆ ಹೊರಬಿದ್ದಿದ್ದವು. ಬ್ಯಾಂಕಿನ ಪರ ವಕೀಲೆ ನ್ಯಾಯಾಲಯದ ಮುಂದೆ ಕೊಟ್ಟ ವಿವರಣೆಯನ್ನು ಓದಿದರೆ ಮನಸ್ಸು ಮರುಗುತ್ತದೆ: ತಂತ್ರಾಂಶದಲ್ಲಿ ಆಕೆಯ ಮುಂದೆ ತೆರೆದುಕೊಂಡಿದ್ದುದು ಕಡತಗಳ ಒಂದಂಶ ಮಾತ್ರ, ಅದನ್ನೇ ಆಕೆ ಸಮಗ್ರವೆಂದು ನಂಬಿದ್ದಳು, ಮರೆಮಾಡಬೇಕೆಂದು ಆಕೆ ಗುರುತಿಟ್ಟ ಪುಟಗಳಿಗೂ ಚೌಕಗಳು ಬೀಳುವ ಮೊದಲೇ ಅವು ರವಾನೆಯಾಗಿದ್ದವು. ಶ್ರದ್ಧೆಯಿಂದ ದುಡಿದವಳ ದುಡಿಮೆ, ತಾನು ನೋಡುತ್ತಿರುವುದು ಎಷ್ಟು, ನೋಡದೆ ಉಳಿದಿರುವುದು ಎಷ್ಟು ಎಂಬ ಒಂದು ಸರಳ ಪ್ರಶ್ನೆಗೆ ಯಂತ್ರದಿಂದ ಉತ್ತರ ಪಡೆಯದಿದ್ದುದರಿಂದ ಕೆಟ್ಟಿತು. ರವಾನೆಗೆ ಮುನ್ನ ಸಿದ್ಧವಾದ ಪ್ರತಿಯನ್ನೇ, ಎದುರುಕಕ್ಷಿಯ ಕಣ್ಣಿನಿಂದ, ಇನ್ನೊಬ್ಬರು ತೆರೆದು ನೋಡಬೇಕೆಂಬ ನಿಯಮವನ್ನು ಯಾವ ಅವಸರದಲ್ಲೂ ಬಿಡಬಾರದೆಂದು ನಾನು ದೃಢವಾಗಿ ನಂಬುತ್ತೇನೆ.

ಹುಡುಕುವ ಕೆಲಸದಲ್ಲಿ ಯಂತ್ರದ ನೆರವು ಅಪಾರ. ಮೂರು, ಎರಡು, ನಾಲ್ಕು ಎಂಬ ಗುಂಪುಗಳಲ್ಲಿ ಬರುವ ಅಮೆರಿಕನ್ ಸಾಮಾಜಿಕ ಭದ್ರತಾ ಸಂಖ್ಯೆಯ ವಿನ್ಯಾಸವನ್ನು ಒಮ್ಮೆ ಹೇಳಿಕೊಟ್ಟರೆ ಸಾಕು, ಲಕ್ಷ ಪುಟಗಳಲ್ಲಿ ಅದು ಎಲ್ಲಿದ್ದರೂ ಎತ್ತಿ ತೋರಿಸುತ್ತದೆ. ವಂಚನೆ ಬಯಲಾಗಿ ಅಮೆರಿಕದ ಎನ್ರಾನ್ ಸಂಸ್ಥೆ ಕುಸಿದ ಮೇಲೆ, 2003ರಲ್ಲಿ, ತನಿಖೆ ನಡೆಸಿದ ಸರ್ಕಾರಿ ಆಯೋಗವು ಆ ಸಂಸ್ಥೆಯ ಲಕ್ಷಾಂತರ ಇ-ಮೇಲ್‌ಗಳನ್ನು ಸಾರ್ವಜನಿಕಗೊಳಿಸಿತು. ವಂಚನೆಯೊಡನೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ನೌಕರರ ಸಂಸಾರದ ಮಾತುಗಳೂ ಖಾಸಗಿ ಸಂಖ್ಯೆಗಳೂ ಅದರೊಂದಿಗೆ ಬೀದಿಗೆ ಬಂದವು. ಹತ್ತು ವರ್ಷಗಳ ತರುವಾಯ, 2013ರಲ್ಲಿ, ನ್ಯೂಯಿಕ್ಸ್ ಸಂಸ್ಥೆ ತನ್ನ ತಂತ್ರಾಂಶದಿಂದ ಆ ಸಂಗ್ರಹವನ್ನು ಶೋಧಿಸಿದಾಗ ಖಾಸಗಿ ವಿವರಗಳಿದ್ದ 10,000ಕ್ಕೂ ಹೆಚ್ಚು ಅಂಶಗಳು ಸಿಕ್ಕವು. ಆ ಹತ್ತು ವರ್ಷಗಳಲ್ಲಿ ಅವನ್ನು ಓದಿದವರ ನೆನಪಿನಿಂದ ಯಾವ ತಂತ್ರಾಂಶ ತಾನೆ ಏನನ್ನು ಅಳಿಸಬಲ್ಲುದು?

ಅಮೆರಿಕದ ದಾವೆಗಳ ಈ ಪರಿಶೀಲನೆಯಲ್ಲಿ ನಮ್ಮ ಬೆಂಗಳೂರಿನ ತರುಣ ಕಾನೂನು ಪದವೀಧರರೂ ತೊಡಗಿರುವರೆಂಬುದು ಬಲ್ಲವರಿಗೆ ತಿಳಿದ ವಿಷಯ. ಅವರ ಕೈಗೆ ಆಂಗ್ಲ ಪತ್ರಗಳ ಬದಲು ಕನ್ನಡದ ಕಡತಗಳನ್ನು ಕೊಟ್ಟರೆ ಯಂತ್ರದ ಚಾತುರ್ಯ ಬಹುಮಟ್ಟಿಗೆ ಕುಂದುತ್ತದೆ. ‘ಗಿರೀಶ್’ ಎಂದು ಹುಡುಕಿದರೆ ‘ಗಿರೀಶನಿಗೆ’, ‘ಗಿರೀಶರಿಂದ’ ಎಂಬ ರೂಪಗಳು ಸಿಗುವುದಿಲ್ಲ, ಏಕೆಂದರೆ ವಿಭಕ್ತಿ ಹತ್ತಿದೊಡನೆ ಹೆಸರಿನ ಕೊನೆಯ ವ್ಯಂಜನ ಸ್ವರವನ್ನು ಕೂಡಿಕೊಂಡು ಬೇರೆ ರೂಪ ತಾಳುತ್ತದೆ. ಯೂನಿಕೋಡ್ ಬಳಕೆ ಹರಡುವ ಮುನ್ನಿನ ನುಡಿ, ಬರಹ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ನಮ್ಮ ಕಚೇರಿಗಳ ಅಸಂಖ್ಯ ಕಡತಗಳು ಕಣ್ಣಿಗೆ ಸೊಗಸಾದ ಕನ್ನಡವಾಗಿ ಕಂಡರೂ, ಯಂತ್ರಕ್ಕೆ ಅವು ರೋಮನ್ ಅಕ್ಷರಗಳ ಅರ್ಥಹೀನ ರಾಶಿ. ಆಧಾರ್ ಸಂಖ್ಯೆಯ ಹನ್ನೆರಡು ಅಂಕಿಗಳಲ್ಲಿ ಮೊದಲ ಎಂಟನ್ನು ಮರೆಸಿ ಕೊನೆಯ ನಾಲ್ಕನ್ನು ಉಳಿಸುವ ಪದ್ಧತಿ ಸುಲಭಸಾಧ್ಯವಾದುದು, ಅಂಕಿಗಳಿಗೆ ವ್ಯಾಕರಣವಿಲ್ಲವಾದ್ದರಿಂದ. ಆದರೆ ‘ಕೆರೆಯಂಗಳದ ಮನೆಯ ಹಿರಿಮಗಳು’ ಎಂಬ ಮಾತು ಹೆಸರಿಲ್ಲದೆಯೂ ಒಬ್ಬಾಕೆಯನ್ನು ಊರಿಗೆಲ್ಲ ತೋರಿಸಿಕೊಡುತ್ತದೆಂಬುದನ್ನು ಊರನ್ನು ಬಲ್ಲ ಮನುಷ್ಯನೇ ಅರಿಯಬೇಕು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಅತ್ಯಾಚಾರಕ್ಕೊಳಗಾದವರ ಹೆಸರು ಮಾತ್ರವಲ್ಲದೆ, ದೂರದಿಂದಾದರೂ ಅವರ ಗುರುತು ಹಿಡಿಯಲು ಎಡೆಮಾಡಿಕೊಡುವ ಯಾವ ಸಂಗತಿಯನ್ನೂ ಪ್ರಕಟಿಸಕೂಡದೆಂಬುದು ಆ ತೀರ್ಪಿನ ಆಶಯ. ಹಿಂದೆ ದಂಡಸಂಹಿತೆಯ 228ಎ ಪ್ರಕರಣದಲ್ಲಿದ್ದ ಈ ರಕ್ಷಣೆ ಈಗ ಭಾರತೀಯ ನ್ಯಾಯ ಸಂಹಿತೆಯ 72ನೆಯ ಪ್ರಕರಣದಲ್ಲಿದೆ. 2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ತಂದೆಯೊಬ್ಬರ ಮೊರೆಯನ್ನಾಲಿಸಿ, ಹಳೆಯ ಆದೇಶವೊಂದರಲ್ಲಿದ್ದ ಅವರ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣಿಸದಂತೆ ನೋಡಿಕೊಳ್ಳಲು ಯತ್ನಿಸಬೇಕೆಂದು ತನ್ನ ಕಚೇರಿಗೆ ನಿರ್ದೇಶಿಸಿತು. ಅದೇ ಉಸಿರಿನಲ್ಲಿ, ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇದ್ದೇ ಇರುತ್ತದೆಂದೂ ಸ್ಪಷ್ಟಪಡಿಸಿತು. ವ್ಯಕ್ತಿಯ ಮಾನಕ್ಕೂ ನ್ಯಾಯಾಲಯದ ದಾಖಲೆಯ ಸಮಗ್ರತೆಗೂ ಏಕಕಾಲದಲ್ಲಿ ಗೌರವ ಸಲ್ಲಿಸಿದ ಆ ವಿವೇಚನೆ ನನಗೆ ಬಹು ಮೆಚ್ಚಿಗೆಯಾದುದು.

ಪೂರ್ಣವಾಗಿ ಅಳಿಸಿದ ಪದವೂ ತಾನಿದ್ದ ಜಾಗದ ಅಳತೆಯನ್ನು ಬಿಟ್ಟುಹೋಗುತ್ತದೆ. 2004ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಗೂಢಲಿಪಿ ತಜ್ಞರು ನೆರೆದಿದ್ದಾಗ ಡೇವಿಡ್ ನಕ್ಕಾಶ್ ಮತ್ತು ಕ್ಲೇರ್ ವೀಲನ್ ಎಂಬಿಬ್ಬರು, ಅಮೆರಿಕದ ಅಧ್ಯಕ್ಷ ಬುಷ್‌ರಿಗೆ 2001ರ ಆಗಸ್ಟ್ 6ರಂದು ಒಪ್ಪಿಸಲಾಗಿದ್ದ ಗುಪ್ತಚರ ವರದಿಯ ಮಸಿ ಬಳಿದ ಪದವೊಂದನ್ನು ಊಹಿಸಿ ತೋರಿಸಿದರು. ಮುದ್ರಣದ ಅಕ್ಷರಶೈಲಿ ಏರಿಯಲ್ ಎಂದು ನಿಶ್ಚಯಿಸಿ, ಮಸಿಯ ಉದ್ದಕ್ಕೆ ಸರಿಹೊಂದುವ 1,530 ಪದಗಳನ್ನು ನಿಘಂಟಿನಿಂದ ಆರಿಸಿ, ಮಸಿಯಡಿಯ ಪದ ಸ್ವರದಿಂದ ಮೊದಲಾಗಬೇಕೆಂಬ ಆಂಗ್ಲ ವ್ಯಾಕರಣದ ಸುಳಿವಿನಿಂದಲೂ ಸಂದರ್ಭದ ಔಚಿತ್ಯದಿಂದಲೂ ಸೋಸುತ್ತ ಬಂದು, ಅದು ‘ಈಜಿಪ್ಟಿನ’ ಎಂಬರ್ಥದ ಪದವೆಂದು ನಿರ್ಣಯಕ್ಕೆ ಬಂದರು. ಈಚಿನ ವರ್ಷಗಳಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು, ಪಿಡಿಎಫ್ ಕಡತದಲ್ಲಿ ಉಳಿದ ಅಕ್ಷರಗಳ ಸೂಕ್ಷ್ಮ ಸ್ಥಾನಪಲ್ಲಟದಿಂದಲೂ ತೆಗೆದುಹಾಕಿದ ಹೆಸರಿನ ಸುಳಿವು ಹತ್ತಬಹುದೆಂದು ತೋರಿಸಿದ್ದಾರೆ. ಆದುದರಿಂದ ಹೆಸರು ಚಿಕ್ಕದಿರಲಿ ದೊಡ್ಡದಿರಲಿ, ಒಂದೇ ಅಳತೆಯ ಗುರುತನ್ನು ಇಟ್ಟು, ಇಡೀ ಸಾಲನ್ನು ಮರುಜೋಡಿಸುವುದೇ ಕ್ಷೇಮ.

ಇಷ್ಟೆಲ್ಲ ಮರೆಮಾಡುವ ಕೌಶಲವನ್ನು ಹೇಳಿದ ಮೇಲೆ, ಮರೆಮಾಡುವವನ ಅಧಿಕಾರಕ್ಕೆ ಎಲ್ಲೆಯುಂಟೆಂಬುದನ್ನು ಹೇಳದಿರುವುದು ಓದುಗರಿಗೆ ಅನ್ಯಾಯ. ಅನಾಥ ಬಾಲಕಿಯ ಹೆಸರನ್ನು ಕಾಯುವ ಅದೇ ಕಪ್ಪು ಚೌಕ ಗುತ್ತಿಗೆದಾರನ ಬಿಲ್ಲಿನ ಮೊತ್ತವನ್ನೂ ಕಾಯಬಲ್ಲುದು. 2005ರ ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ಉಪಖಂಡದಲ್ಲಿ, ವೈಯಕ್ತಿಕ ಮಾಹಿತಿಯನ್ನು ತಡೆಹಿಡಿಯುವ ಮೊದಲು ಅದಕ್ಕೆ ಸಾರ್ವಜನಿಕ ಚಟುವಟಿಕೆಯ ಸಂಬಂಧವಿದೆಯೇ ಎಂದು ತೂಗಿ ನೋಡಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆ ತೂಕದ ಮಾತುಗಳನ್ನು ತೆಗೆದು, ವೈಯಕ್ತಿಕ ಮಾಹಿತಿ ಎಂಬುದಷ್ಟನ್ನೇ ಉಳಿಸಿತು. ಇದರಿಂದ ಚೌಕಗಳು ಹಿಗ್ಗುವ ಭಯ ನನಗಿದೆ. ಸಾರ್ವಜನಿಕ ಹಿತ ಹೆಚ್ಚಿನದೆಂದು ಕಂಡಲ್ಲಿ ಮಾಹಿತಿಯನ್ನು ಕೊಡಬಹುದೆಂಬ 8(2) ಇನ್ನೂ ಉಳಿದಿದೆಯೆಂಬುದನ್ನು ಅರ್ಜಿದಾರರು ಮರೆಯದಿರಲಿ.

ಮಾಹಿತಿ ಹಕ್ಕು ಕಾಯಿದೆಯ 10ನೆಯ ಪ್ರಕರಣವನ್ನಂತೂ ಅರ್ಜಿದಾರರು ಬಾಯಿಪಾಠ ಮಾಡಿಕೊಳ್ಳುವುದು ಲೇಸು. ಕಡತದ ಒಂದು ಭಾಗ ಗೋಪ್ಯವೆಂಬ ನೆಪದಿಂದ ಇಡೀ ಕಡತವನ್ನು ನಿರಾಕರಿಸುವಂತಿಲ್ಲ. ಬೇರ್ಪಡಿಸಬಹುದಾದ ಉಳಿದ ಭಾಗವನ್ನು ಕೊಡಬಹುದೆಂದು ಅದು ಹೇಳುತ್ತದೆ. ಹಾಗೆ ಅಂಶವನ್ನು ಮಾತ್ರ ಕೊಟ್ಟಾಗ, ಉಳಿದುದನ್ನು ತಡೆಹಿಡಿದ ಕಾರಣವನ್ನೂ, ಆ ತೀರ್ಮಾನವನ್ನು ಮಾಡಿದವರ ಹೆಸರು ಮತ್ತು ಪದನಾಮವನ್ನೂ ಸಾರ್ವಜನಿಕ ಮಾಹಿತಿ ಅಧಿಕಾರಿಯು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕು. ಕಪ್ಪು ಚೌಕಗಳ ಪುಟ ಬಂದು, ಈ ತಿಳಿವಳಿಕೆ ಪತ್ರ ಬಾರದಿದ್ದಲ್ಲಿ, 30 ದಿನಗಳೊಳಗೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ಅಲ್ಲಿಯೂ ಸಮಾಧಾನ ದೊರೆಯದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿಯನ್ನೂ ಸಲ್ಲಿಸಬಹುದು. ಮೇಲ್ಮನವಿಯಲ್ಲಿ ಯಾವ ಪುಟದ ಯಾವ ಚೌಕಕ್ಕೆ ಕಾರಣ ಬೇಕೆಂಬುದನ್ನು ಒಂದೊಂದಾಗಿ ಹೆಸರಿಸಿ ಕೇಳಬೇಕು.