ಮನೆಯಲ್ಲಿ ಹಾಡುವ ಪೆಟ್ಟಿಗೆ ಪರದೇಶದಲ್ಲಿ ಏಕೆ ಹಾಡದು?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ಅಟ್ಟ ಕೆದಕಿದರೆ ಒಂದು ಡಬ್ಬ ಕ್ಯಾಸೆಟ್ಟು ಸಿಕ್ಕೀತು. ಅತ್ತೆಯವರ ಹಸೆ ಹಾಡು, ಬೀಗರನ್ನು ಛೇಡಿಸುವ ಹಾಡು, ಎಂಬತ್ತರ ದಶಕದ ಮದುವೆಯ ವಿಡಿಯೊ. ಹಾಡಿದವರು ಈಗಿಲ್ಲ, ಟೇಪಿಗೂ ಬೂಷ್ಟು ಹಿಡಿಯುತ್ತಿದೆ. ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಎಂಬ ತಂತ್ರಾಂಶ ಹಾಕಿ ಮನೆಯಲ್ಲೇ ‘ಸರ್ವರ್’ ಇಟ್ಟುಕೊಂಡವರುಂಟು. ನಿಮ್ಮೂರಿನಲ್ಲೂ ಇದ್ದಾರು.

ಮನೆಯ ಟಿವಿಯಲ್ಲಿ ಅದು ಸೊಗಸಾಗಿ ಹಾಡುತ್ತದೆ. ಅಮೆರಿಕದ ಮಗಳು ಸೀಮಂತಕ್ಕೆ ಅಜ್ಜಿಯ ಆರತಿ ಹಾಡು ಹಾಕೋಣವೆಂದು ಫೋನು ತೆರೆದರೆ ಮಾತ್ರ ‘ಸರ್ವರ್ ಸಿಗುತ್ತಿಲ್ಲ’! ಪೆಟ್ಟಿಗೆ ಕೆಟ್ಟಿತೆಂದು ರಿಪೇರಿಯವನಿಗೆ ಹೇಳಿಕಳಿಸುವ ಮುನ್ನ ಸ್ವಲ್ಪ ತಾಳಿ. ಮನೆಯೊಳಗೆ ಹಾಡುವ ಪೆಟ್ಟಿಗೆ ಕೆಟ್ಟಿಲ್ಲ. ಹೊರಗಿನಿಂದ ಬರುವ ದಾರಿ ಕಟ್ಟಿದೆ, ಅಷ್ಟೆ.

ಪರೀಕ್ಷೆಗೆಂದು ಮಗಳನ್ನು ನಡುರಾತ್ರಿ ಎಬ್ಬಿಸಬೇಡಿ. ನಿಮ್ಮ ಫೋನಿನಲ್ಲೇ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಸಿಗದಿದ್ದರೆ ತೊಂದರೆ ನಮ್ಮ ಕಡೆಯದೇ.

ಹಳೆ ಬೆಂಗಳೂರಿನವರಿಗೆ ವಠಾರ ಗೊತ್ತು. ಬೀದಿಬಾಗಿಲಿಗೆ ಒಂದೇ ನಂಬರು, ಒಳಗೆ ಏಳೆಂಟು ಸಂಸಾರ. ಒಳಗಿನವರು ಬೇಕಾದಾಗ ಹೊರಗೆ ಹೋಗಬಹುದು. ಹೊರಗಿನಿಂದ ಬಂದ ಅಂಚೆಯವನ ಕೈಯಲ್ಲಿ ಬೀದಿ ನಂಬರು ಮಾತ್ರ ಇದ್ದರೆ, ಯಾರ ಬಾಗಿಲು ತಟ್ಟಬೇಕು ಪಾಪ! ಇಂಟರ್ನೆಟ್ಟಿನ ಹಳೆಯ ಬಗೆಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ನಮ್ಮ ಏಷ್ಯಾ–ಪೆಸಿಫಿಕ್ ವಲಯದ ದಾಸ್ತಾನು 2011ರ ಏಪ್ರಿಲಿನಲ್ಲೇ ಹೆಚ್ಚುಕಡಿಮೆ ಬರಿದಾಯಿತು. ಆದ್ದರಿಂದ ಅನೇಕ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿ-ನ್ಯಾಟ್ ಎಂದು ಹೆಸರು. ನಾವು ವಠಾರವೆಂದೇ ಕರೆಯೋಣ.

ನಿಮ್ಮದು ವಠಾರವೋ ಸ್ವಂತ ಬಾಗಿಲೋ ತಿಳಿಯುವುದು ಸುಲಭ. ರೂಟರಿನ ಪುಟದಲ್ಲಿ ‘ವ್ಯಾನ್ ಐಪಿ’ ಎಂಬ ಅಂಕಿ ಬರೆದುಕೊಳ್ಳಿ. ಗೂಗಲ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಎಂದು ಕೇಳಿ, ಬಂದ ಇದೇ ಬಗೆಯ ಅಂಕಿಯನ್ನು ಅದರ ಪಕ್ಕ ಬರೆಯಿರಿ. ಎರಡೂ ಒಂದೇ ಆಗಿದ್ದರೆ ಸ್ವಂತ ಬಾಗಿಲು. ಬೇರೆಯಾಗಿದ್ದು, ರೂಟರಿನದು 100.64ರಿಂದ 100.127ರೊಳಗೆ ಶುರುವಾದರೆ ವಠಾರ ಖಂಡಿತ. (ಮನೆಯಲ್ಲಿ ಒಂದರ ಹಿಂದೊಂದು ಎರಡು ರೂಟರ್ ಇದ್ದರೂ ಅಂಕಿ ಬೇರೆಯಾಗುತ್ತದೆ. ಮೊದಲು ಅದನ್ನು ನೋಡಿ.)

ಸ್ವಂತ ಬಾಗಿಲಾದರೆ ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿಸಬೇಕು. ಪ್ಲೆಕ್ಸ್‌ಗೆ 32400, ಜೆಲ್ಲಿಫಿನ್‌ಗೆ ಸಾಮಾನ್ಯವಾಗಿ 8096. ಕಂಪ್ಯೂಟರಿಗೆ ಮನೆಯೊಳಗಿನ ವಿಳಾಸವನ್ನೂ ಖಾಯಂ ಮಾಡಿಸಿ. ಇಲ್ಲದಿದ್ದರೆ ಕರೆಂಟು ಹೋಗಿ ಬಂದ ಮೇಲೆ ಅದು ಬದಲಾಗಿ, ಬಾಗಿಲು ಬೇರೆ ಕೋಣೆಗೆ ತೆರೆದುಕೊಂಡೀತು.

ವಠಾರದವರಿಗೆ ಈ ಉಪಾಯ ನಡೆಯದು. ಕಂಪನಿಯವರನ್ನು ‘ಸ್ಟ್ಯಾಟಿಕ್ ಐಪಿ’ ಕೇಳಬಹುದು, ಸಾಮಾನ್ಯವಾಗಿ ಬೇರೆ ಶುಲ್ಕ. ಇನ್ನೊಂದು ದಾರಿ ಟೇಲ್‌ಸ್ಕೇಲ್ ಎಂಬ ತಂತ್ರಾಂಶ. ಇದನ್ನು ಮನೆಯ ಕಂಪ್ಯೂಟರಿಗೂ ಮಗಳ ಫೋನಿಗೂ ಹಾಕಿದರೆ ಇಬ್ಬರೂ ಒಳಗಿನಿಂದ ಹೊರಟು ನಡುದಾರಿಯಲ್ಲಿ ಭೇಟಿಯಾಗುತ್ತಾರೆ. ಮನೆಬಳಕೆಗೆ ಪುಕ್ಕಟೆ. ಸ್ವಂತ ಬಾಗಿಲಿದ್ದವರಿಗೂ ನನ್ನ ಮೆಚ್ಚಿಗೆ ಇದಕ್ಕೇ, ಏಕೆಂದರೆ ತೆರೆದ ಬಾಗಿಲಿಗೆ ಕಳ್ಳರೂ ಬರುತ್ತಾರೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಅಮೆರಿಕದ ಕಂಪನಿಯ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿಗೆ ಕನ್ನ ಹಾಕಿದವರು ನುಗ್ಗಿದ್ದು ಹಳೆಯ ಪ್ಲೆಕ್ಸ್ ಮೂಲಕ. ಆ ಬಿರುಕು ಮುಚ್ಚುವ ತೇಪೆ 2020ರಲ್ಲೇ ಬಂದಿತ್ತು, ಅವರು ಹಾಕಿಕೊಂಡಿರಲಿಲ್ಲ!

ಎಲ್ಲ ಸರಿಯಿದ್ದೂ ಮದುವೆಯ ವಿಡಿಯೊ ಬರದಿದ್ದರೆ ಹಣದ ಮಾತಿರಬಹುದು. ಮನೆಯಾಚೆ ವಿಡಿಯೊ ನೋಡಲು ಪ್ಲೆಕ್ಸ್ 2025ರ ಏಪ್ರಿಲ್ 29ರಿಂದ ಶುಲ್ಕ ಕೇಳುತ್ತಿದೆ. ಜೆಲ್ಲಿಫಿನ್‌ಗೆ ಶುಲ್ಕವಿಲ್ಲ. ಬಂದರೂ ತಡವರಿಸಿದರೆ ನಿಮ್ಮ ‘ಅಪ್‌ಲೋಡ್’ ವೇಗ ಸಾಲದು, ಚಿತ್ರದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಹಾಡಿಗೆ ಅಷ್ಟು ವೇಗ ಬೇಡ.

ಅಂದಹಾಗೆ, ಸೀಮಂತದ ಹಿಂದಿನ ದಿನವೇ ಆರತಿ ಹಾಡಿನ ಒಂದು ಪ್ರತಿಯನ್ನು ಮಗಳ ಫೋನಿಗೆ ಕಳಿಸಿಬಿಡಿ. ಅಲ್ಲಿ ಆರತಿ ಎತ್ತುವ ಹೊತ್ತಿಗೆ ಇಲ್ಲಿ ಕರೆಂಟು ಇದ್ದೇ ಇರುತ್ತದೆಂದು ಯಾರು ಹೇಳಬಲ್ಲರು?