ಅಲ್ಯೂಮಿನಿಯಂ ಬಾಸ್ ದೋಣಿಯ ಆಯ್ಕೆ: ಒಡಲು, ಎಂಜಿನ್, ಟ್ರೋಲಿಂಗ್ ಮೋಟರ್

ಸಿಹಿನೀರಿನ ಬಾಸ್ ಮೀನಿಗೆ ಗಾಳ ಹಾಕಲೆಂದೇ ಅಮೆರಿಕದಲ್ಲಿ ರೂಪುಗೊಂಡ ತಗ್ಗಾದ, ಅಗಲವಾದ ಮೋಟಾರು ದೋಣಿಯೇ ಬಾಸ್ ದೋಣಿ. ದೊಡ್ಡಬಾಯಿಯ ಬಾಸ್ ಹೊಂಚು ಹಾಕಿ ಬೇಟೆಯಾಡುವ ಮೀನು. ನೀರಿನೊಳಗಿನ ಕಳೆ, ಮುಳುಗಿದ ಮರದ ಬೊಡ್ಡೆ, ಬಂಡೆಯ ಸಂದು, ಅಟ್ಟಣೆಯ ನೆರಳು ಅದಕ್ಕೆ ಮೆಚ್ಚಿನ ಜಾಗಗಳು. ಅದನ್ನು ಹುಡುಕುವವರು ದಡದಂಚಿನಲ್ಲಿ ಸದ್ದು ಮಾಡದೆ ನಿಧಾನವಾಗಿ ಸರಿಯಬೇಕು. ಒಂದು ಕಡೆ ಮೀನು ಕಚ್ಚದಿದ್ದರೆ ಜಲಾಶಯದ ಇನ್ನೊಂದು ಮೂಲೆಗೆ ಬೇಗನೆ ಹೋಗಲೂ ಬೇಕು. ಒಂದೇ ಯಂತ್ರದಿಂದ ಈ ಎರಡೂ ಕೆಲಸ ಆಗುವುದಿಲ್ಲ. ಹಾಗಾಗಿ ಬಾಸ್ ದೋಣಿಯ ಹಿಂದೆ ಪೆಟ್ರೋಲಿನ ಔಟ್‌ಬೋರ್ಡ್ ಎಂಜಿನ್ ಇರುತ್ತದೆ, ಮುಂದೆ ಬ್ಯಾಟರಿಯಿಂದ ನಡೆಯುವ ಟ್ರೋಲಿಂಗ್ ಮೋಟರ್ ಇರುತ್ತದೆ. ಗಾಳ ಬೀಸಲು ನಿಂತುಕೊಳ್ಳುವ ಅಟ್ಟ ಮುಂಭಾಗದಲ್ಲಿದ್ದು, ಹಿಡಿದ ಮೀನನ್ನು ಜೀವಂತವಾಗಿ ಇಡುವ ನೀರಿನ ತೊಟ್ಟಿ ಅಟ್ಟದ ಕೆಳಗೋ ಹಿಂಬದಿಯಲ್ಲೋ ಇರುತ್ತದೆ.

ಈ ಬಗೆಯ ದೋಣಿಯ ಕತೆ 1948ರಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹೋಮ್ಸ್ ಥರ್ಮಂಡ್ ಕಟ್ಟಿದ ಸ್ಕೀಟರ್ ದೋಣಿಯಿಂದ ಶುರುವಾಗುತ್ತದೆ. 1967ರಲ್ಲಿ ರೇ ಸ್ಕಾಟ್ ಅರ್ಕಾನ್ಸಾದ ಬೀವರ್ ಸರೋವರದಲ್ಲಿ ನಡೆಸಿದ ಪಂದ್ಯ ಬಾಸ್ ಗಾಳಗಾರಿಕೆಯನ್ನು ಸ್ಪರ್ಧೆಯ ಕ್ರೀಡೆಯಾಗಿಸಿತು. ಮರುವರ್ಷ ಅದೇ ರಾಜ್ಯದ ಫ್ಲಿಪಿನ್ ಊರಿನಲ್ಲಿ ಫಾರೆಸ್ಟ್ ವುಡ್ ರೇಂಜರ್ ದೋಣಿಗಳನ್ನು ಕಟ್ಟತೊಡಗಿದರು. ಪಂದ್ಯಗಳ ಪೈಪೋಟಿಯಲ್ಲಿ ಫೈಬರ್‌ಗ್ಲಾಸ್ ದೋಣಿಗಳು ದೊಡ್ಡದಾಗುತ್ತಾ, ಭಾರವಾಗುತ್ತಾ, ಸಾಮಾನ್ಯರ ಕೈಗೆ ಎಟುಕದಂತಾದವು. 1978ರಲ್ಲಿ ಜಾನಿ ಮಾರಿಸ್ ಅಲ್ಯೂಮಿನಿಯಂ ದೋಣಿ, ಎಂಜಿನ್, ಟ್ರೇಲರ್ ಮೂರನ್ನೂ ಸೇರಿಸಿ 2,995 ಡಾಲರಿನ ಒಂದೇ ಬೆಲೆಗೆ ಬಾಸ್ ಟ್ರ್ಯಾಕರ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ದುಡಿಯುವ ಕುಟುಂಬಗಳಿಗೆ ಬಾಸ್ ದೋಣಿ ದಕ್ಕಿದ್ದು ಹೀಗೆ. ಎಲ್ಲವನ್ನೂ ಸೇರಿಸಿ ಒಂದೇ ಬೆಲೆ ಹೇಳುವ ಆ ಪದ್ಧತಿ ಈಗಲೂ ಇದೆ. ಆದರೆ ಬೆಲೆಯನ್ನು ತಗ್ಗಿಸಲು ಎಷ್ಟೋ ಸಲ ಎಂಜಿನ್ನಿನ ಶಕ್ತಿಯನ್ನೂ ಟ್ರೋಲಿಂಗ್ ಮೋಟರಿನ ಬಲವನ್ನೂ ಕಡಿಮೆ ಮಾಡಿರುತ್ತಾರೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನು.

ಅಲ್ಯೂಮಿನಿಯಂನ ದೊಡ್ಡ ಗುಣ ಅದರ ಹಗುರ. ಹಗುರವಾದ ಒಡಲಿಗೆ ಚಿಕ್ಕ ಎಂಜಿನ್ ಸಾಕು, ಎಳೆಯಲು ಸಾಧಾರಣ ಕಾರು ಸಾಕು, ಪೆಟ್ರೋಲೂ ಕಡಿಮೆ. ಟೆಕ್ಸಸ್ ಮತ್ತು ಲೂಯಿಸಿಯಾನಾ ಗಡಿಯ ಟೊಲೆಡೊ ಬೆಂಡ್ ಜಲಾಶಯದಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಈಗಲೂ ನಿಂತಿವೆ. ಅಂಥ ನೀರಿನಲ್ಲಿ ಬೊಡ್ಡೆಗೆ ತಾಗಿದರೆ ಅಲ್ಯೂಮಿನಿಯಂ ನೆಗ್ಗುತ್ತದೆ, ಫೈಬರ್‌ಗ್ಲಾಸಿನ ಹೊಳಪಿನ ಹೊರಪದರ ಬಿರಿಯುತ್ತದೆ. ಕೊರತೆಗಳೂ ಇವೆ. ಹಗುರವಾದ ದೋಣಿಯನ್ನು ಗಾಳಿ ಸುಲಭವಾಗಿ ತಳ್ಳಿಕೊಂಡು ಹೋಗುತ್ತದೆ, ಅಲೆಯ ಮೇಲೆ ಅದು ಹೆಚ್ಚು ಕುಕ್ಕುತ್ತದೆ, ತೆಳು ತಗಡಿಗೆ ನೀರು ಬಡಿಯುವ ಸದ್ದೂ ಜಾಸ್ತಿ. ಗಾಳಿ ತಳ್ಳುವ ಗುಣವಂತೂ ಟ್ರೋಲಿಂಗ್ ಮೋಟರ್ ಆರಿಸುವಾಗ ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ದೋಣಿಯನ್ನು ನೋಡುವ ಮೊದಲು ಅದು ಇಳಿಯಲಿರುವ ನೀರನ್ನು ನೋಡಬೇಕು. ಚಿಕ್ಕ ಕೆರೆ, ಕಿರಿದಾದ ಕೊಲ್ಲಿಗಳಿಗೆ ಹೆಚ್ಚುಕಡಿಮೆ ಚಪ್ಪಟೆ ತಳದ, 16 ಅಡಿ ಉದ್ದದ ದೋಣಿ ಧಾರಾಳ. ಅದು ಆಳ ಕಡಿಮೆಯಿರುವ ನೀರಿನಲ್ಲೂ ಹೋಗುತ್ತದೆ, ನಿಂತರೆ ಹೆಚ್ಚು ಅಲುಗುವುದಿಲ್ಲ. ಅಟ್ಲಾಂಟಾ ಸುತ್ತ ನೆಲೆಸಿರುವ ಕನ್ನಡಿಗರಿಗೆ ಹತ್ತಿರವಾದ ಲೇನಿಯರ್ ಸರೋವರದ ಮಾತೇ ಬೇರೆ. ಅಲ್ಲಿ ನೀರು ಆಳ, ವಾರಾಂತ್ಯದಲ್ಲಿ ದೊಡ್ಡ ದೋಣಿಗಳ ಓಡಾಟ ವಿಪರೀತ, ಅವು ಎಬ್ಬಿಸುವ ಅಲೆಗಳೂ ಹಾಗೇ. ಇಂಥಲ್ಲಿ ಮುಂಭಾಗ ಚೂಪಾಗಿ ಇಳಿದು ಹಿಂದಕ್ಕೆ ಹೋಗುತ್ತಾ ಚಪ್ಪಟೆಯಾಗುವ, 18 ಅಡಿಯ ಆಸುಪಾಸಿನ ಒಡಲು ಬೇಕು. ಉದ್ದದಷ್ಟೇ ಅಗಲವೂ ಮುಖ್ಯ. ಇಬ್ಬರು ಒಂದೇ ಮಗ್ಗುಲಿನಲ್ಲಿ ನಿಂತು ಮೀನು ಎಳೆಯುವಾಗ ದೋಣಿ ವಾಲದಂತೆ ಕಾಯುವುದು ಅಗಲವೇ. ಮಿಸ್ಸೂರಿಯ ಒಜಾರ್ಕ್ ಬೆಟ್ಟಗಳ ಕಲ್ಲುತಳದ ನದಿಗಳಲ್ಲಿ ಪ್ರೊಪೆಲರಿಗೆ ಬದಲು ನೀರನ್ನು ಹೀರಿ ಚಿಮ್ಮುವ ಜೆಟ್ ಘಟಕವಿರುವ ಎಂಜಿನ್ ಬಳಸುತ್ತಾರೆ. ಕಲ್ಲಿಗೆ ತಾಗಿ ಮುರಿಯಲು ಅಲ್ಲಿ ಪ್ರೊಪೆಲರೇ ಇರುವುದಿಲ್ಲ, ಆದರೆ ಎಂಜಿನ್ ಶಕ್ತಿಯ ಸುಮಾರು ಮೂರನೇ ಒಂದು ಪಾಲು ನಷ್ಟವಾಗುತ್ತದೆ.

ಒಡಲಿಗೆ ಬಳಸುವುದು ಮೆಗ್ನೀಸಿಯಂ ಬೆರೆತ 5052ರಂಥ ಮಿಶ್ರಲೋಹ. ತಗಡಿನ ದಪ್ಪವನ್ನು ಅಮೆರಿಕದ ತಯಾರಕರು ಅಂಗುಲದ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ. 0.080 ಎಂದರೆ ಸುಮಾರು 2 ಮಿ.ಮೀ., 0.100 ಎಂದರೆ 2.5 ಮಿ.ಮೀ., 0.125 ಎಂದರೆ 3.2 ಮಿ.ಮೀ. ದಪ್ಪ ತಗಡು ಒಳ್ಳೆಯದೇ. ಆದರೆ ತಗಡಿನ ಹಿಂದಿರುವ ಅಡ್ಡಪಟ್ಟಿಗಳು ದೂರ ದೂರ ಇದ್ದರೆ ಆ ದಪ್ಪದಿಂದ ದೊಡ್ಡ ಲಾಭವಿಲ್ಲ.

ರಿವೆಟ್ ಹೊಡೆದದ್ದು ಒಳ್ಳೆಯದೋ ಬೆಸುಗೆ ಹಾಕಿದ್ದು ಒಳ್ಳೆಯದೋ ಎಂಬ ವಾದ ಗಾಳಗಾರರ ನಡುವೆ ಮುಗಿಯುವುದೇ ಇಲ್ಲ. ರಿವೆಟ್ ಹೊಡೆದ ಒಡಲು ಹಗುರ, ಬೆಲೆ ಕಡಿಮೆ. ವರ್ಷಗಟ್ಟಲೆ ಅಲೆಯ ಪೆಟ್ಟು ತಿಂದಾಗ ರಿವೆಟ್‌ಗಳು ಸಡಿಲಗೊಂಡು ನೀರು ಜಿನುಗುತ್ತದೆ, ಆದರೆ ಅವನ್ನು ಮತ್ತೆ ಬಿಗಿ ಮಾಡುವುದು ಸಣ್ಣ ಕೆಲಸ. ಬೆಸೆದ ಒಡಲಿನಲ್ಲಿ ಸಡಿಲವಾಗುವಂಥದ್ದು ಏನೂ ಇಲ್ಲ, ಅದು ಹೆಚ್ಚು ಗಡುಸು. ಆದರೆ ಬೆಸುಗೆಯ ಶಾಖ ಪಕ್ಕದ ಲೋಹವನ್ನು ಮೆದುವಾಗಿಸುತ್ತದೆ. ಕೆಲಸ ಅಚ್ಚುಕಟ್ಟಾಗಿ ಆಗಿರದಿದ್ದರೆ ಬಿರುಕು ಬಿಡುವುದು ಅಲ್ಲಿಯೇ, ಮತ್ತು ಅದನ್ನು ಸರಿಪಡಿಸಲು ಪಳಗಿದ ಕೈ ಬೇಕು. ಪ್ರಶಾಂತ ನೀರಿಗೆ ಒಳ್ಳೆಯ ರಿವೆಟ್ ದೋಣಿ ಸಾಕು. ಒರಟು ನೀರಿಗೆ ಬೆಸೆದದ್ದಕ್ಕೆ ಹೆಚ್ಚು ಹಣ ಕೊಟ್ಟರೆ ಅದು ವ್ಯರ್ಥವಲ್ಲ.

ಎಂಜಿನ್ನಿನ ಆಯ್ಕೆ ದೋಣಿಯ ಒಳಗೆ ಬಡಿದಿರುವ ಸಣ್ಣ ಫಲಕದಿಂದ ಆರಂಭವಾಗುತ್ತದೆ. 20 ಅಡಿಗಿಂತ ಚಿಕ್ಕದಾದ ಇಂಥ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ, ಗರಿಷ್ಠ ಎಷ್ಟು ಅಶ್ವಶಕ್ತಿ ಎಂದು ತಿಳಿಸುವ ಫಲಕ ಇರಬೇಕೆಂದು ಅಮೆರಿಕದ ಸಂಯುಕ್ತ ಸರ್ಕಾರದ ನಿಯಮ ಹೇಳುತ್ತದೆ. ಅದರ ಹಿಂದಿನ ಲೆಕ್ಕ ಸರಳ. ಸ್ಟೀರಿಂಗ್ ಚಕ್ರವಿರುವ, 20 ಅಂಗುಲ ಎತ್ತರದ ಟ್ರಾನ್ಸಮ್ ಇರುವ ದೋಣಿಯಾದರೆ ಉದ್ದವನ್ನೂ ಟ್ರಾನ್ಸಮ್ಮಿನ ಅಗಲವನ್ನೂ ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು ಇಮ್ಮಡಿ ಮಾಡಿ, 90 ಕಳೆಯಬೇಕು. ಎಂಜಿನ್ ಕೂರುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. 17 ಅಡಿ ಉದ್ದ, 5 ಅಡಿ ಟ್ರಾನ್ಸಮ್ ಇದ್ದರೆ ಗುಣಲಬ್ಧ 85, ಅದರ ಇಮ್ಮಡಿ 170, 90 ಕಳೆದರೆ 80 ಅಶ್ವಶಕ್ತಿ. ಇದು ಮೇಲಿನ ಮಿತಿ, ತಯಾರಕರು ಇದಕ್ಕಿಂತ ಕಡಿಮೆ ನಮೂದಿಸಬಹುದು. ಫಲಕದ ಮಿತಿಯನ್ನು ಮೀರಿದರೆ ಟ್ರಾನ್ಸಮ್ ಸೀಳುವ, ತಿರುವಿನಲ್ಲಿ ದೋಣಿ ಕೈತಪ್ಪುವ ಅಪಾಯವಿದೆ. ವಿಮೆ ಸಿಗುವುದೂ ಕಷ್ಟ.

ಮಿತಿಯ ಒಳಗೆ ಎಷ್ಟು ದೊಡ್ಡದನ್ನು ಕೊಳ್ಳಬೇಕು? ಫಲಕದ ಮಿತಿಗೆ ಹತ್ತಿರವಾದದ್ದನ್ನೇ ಕೊಳ್ಳುವುದು ಲೇಸು. ತೀರಾ ಚಿಕ್ಕ ಎಂಜಿನ್, ಇಬ್ಬರು ಜನ ಮತ್ತು ತುಂಬಿದ ತೊಟ್ಟಿಯ ಭಾರಕ್ಕೆ ದೋಣಿಯನ್ನು ನೀರಿನ ಮೇಲಕ್ಕೆ ಎತ್ತಲಾರದೆ ಸದಾ ಪೂರ್ಣ ವೇಗದಲ್ಲಿ ಏದುತ್ತಿರುತ್ತದೆ. ಇನ್ನೊಂದು ಕಾರಣ ತೂಕ. ಮರ್ಕ್ಯುರಿಯ 75, 90, 115 ಅಶ್ವಶಕ್ತಿಯ ಫೋರ್‌ಸ್ಟ್ರೋಕ್ ಎಂಜಿನ್‌ಗಳು ಒಂದೇ 2.1 ಲೀಟರಿನ ಬ್ಲಾಕಿನ ಮೇಲೆ ನಿಂತಿವೆ, ಮೂರರ ತೂಕವೂ ಸುಮಾರು 163 ಕೆ.ಜಿ. ಇಂಥಲ್ಲಿ ಚಿಕ್ಕದನ್ನು ಆರಿಸಿದರೆ ಭಾರವೇನೂ ಇಳಿಯುವುದಿಲ್ಲ, ಶಕ್ತಿ ಮಾತ್ರ ಇಳಿಯುತ್ತದೆ. ಹಳೆಯ ಟೂಸ್ಟ್ರೋಕ್ ಎಂಜಿನ್‌ಗಳು ಹಗುರವೂ ಚುರುಕೂ ಆಗಿದ್ದವು. ಹೊಗೆಯ ಮೇಲಿನ ನಿಯಮಗಳು ಬಿಗಿಯಾದ ಮೇಲೆ ಅವು ಮಾರುಕಟ್ಟೆಯಿಂದ ಸರಿದವು, 2020ರಲ್ಲಿ ಟೂಸ್ಟ್ರೋಕ್ ಬಗೆಯ ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆಯೂ ನಿಂತಿತು. ಹೊಸದಾಗಿ ಕೊಳ್ಳುವವರಿಗೆ ಈಗ ಫೋರ್‌ಸ್ಟ್ರೋಕೇ ಸರಿಯಾದ ದಾರಿ. ಬ್ರ್ಯಾಂಡಿಗಿಂತ ಹತ್ತಿರದಲ್ಲಿ ಒಳ್ಳೆಯ ಸರ್ವಿಸ್ ಅಂಗಡಿ ಇರುವುದು ಹೆಚ್ಚು ಬೆಲೆಯುಳ್ಳದ್ದು.

ಎಂಜಿನ್ನಿನ ಶಕ್ತಿ ನೀರಿಗೆ ಮುಟ್ಟುವುದು ಪ್ರೊಪೆಲರಿನ ಮೂಲಕ. ಅದರ ಪಿಚ್ ಎಂದರೆ ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಎಷ್ಟು ಅಂಗುಲ ಮುಂದೆ ಸಾಗಬೇಕೋ ಆ ಅಳತೆ. ಪೂರ್ಣ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂದು ತಯಾರಕರು ಹೇಳಿರುತ್ತಾರೆ, ಅನೇಕ ಎಂಜಿನ್‌ಗಳಿಗೆ ಅದು 5,000ದಿಂದ 6,000. ತುಂಬಿದ ದೋಣಿ ಈ ಮಿತಿಯನ್ನು ಮುಟ್ಟದಿದ್ದರೆ ಪಿಚ್ ಇಳಿಸಬೇಕು. ಒಂದು ಅಂಗುಲಕ್ಕೆ ಸುಮಾರು 150ರಿಂದ 200 ಸುತ್ತಿನ ವ್ಯತ್ಯಾಸವಾಗುತ್ತದೆ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹುರಿಯನ್ನು ವೇಗದಲ್ಲಿ ಓಡಿಸುವಾಗ ಮೈಗೆ ಸಿಕ್ಕಿಸಿಕೊಂಡಿರುವುದು ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ ಕಡ್ಡಾಯ. ಕಾನೂನು ಇಲ್ಲದಿದ್ದರೂ ಪಾಲಿಸಬೇಕಾದದ್ದು ಅದು.

ಇಷ್ಟೆಲ್ಲ ಆದ ಮೇಲೂ ಗಾಳ ನೀರಿನಲ್ಲಿರುವಷ್ಟು ಹೊತ್ತು ದೊಡ್ಡ ಎಂಜಿನ್ ಸುಮ್ಮನಿರುತ್ತದೆ. ದಿನದ ಬಹುಪಾಲು ದೋಣಿ ನಡೆಯುವುದು ಟ್ರೋಲಿಂಗ್ ಮೋಟರಿನಿಂದ. 1934ರಲ್ಲಿ ಓ. ಜಿ. ಷ್ಮಿಟ್ ಎಂಬವರು ನಾರ್ತ್ ಡಕೋಟಾದ ಫಾರ್ಗೊದಲ್ಲಿ ಇಂಥ ಮೋಟರ್ ತಯಾರಿಸಿದರು. ಅಲ್ಲಿಂದ ಬೆಳೆದ ಮಿನ್ ಕೋಟಾ ಹೆಸರು ಇಂದಿಗೂ ಗಾಳಗಾರರ ಬಾಯಲ್ಲಿದೆ. ಕೊಳ್ಳುವವರು ಅಶ್ವಶಕ್ತಿಯ ಬಗ್ಗೆ ದಿನಗಟ್ಟಲೆ ಯೋಚಿಸಿ, ಟ್ರೋಲಿಂಗ್ ಮೋಟರನ್ನು ಪ್ಯಾಕೇಜಿನಲ್ಲಿ ಬಂದಂತೆ ಒಪ್ಪಿಕೊಳ್ಳುತ್ತಾರೆ. ಉಳಿದ ಹಣವನ್ನು ಹಾಕಬೇಕಾದದ್ದು ಇಲ್ಲಿಯೇ.

ಇದರ ಬಲವನ್ನು ಪೌಂಡ್ ತಳ್ಳುಬಲದಲ್ಲಿ ಅಳೆಯುತ್ತಾರೆ. ತುಂಬಿದ ದೋಣಿಯ ಪ್ರತಿ 100 ಪೌಂಡ್ ತೂಕಕ್ಕೆ 2 ಪೌಂಡ್ ತಳ್ಳುಬಲ ಬೇಕೆಂಬುದು ರೂಢಿಯ ಲೆಕ್ಕ. ಒಡಲು 450 ಕೆ.ಜಿ., ಎಂಜಿನ್ 160, ಇಬ್ಬರು ಜನ 160, ಪೆಟ್ರೋಲ್ 60, ಬ್ಯಾಟರಿ ಮತ್ತು ಸಾಮಾನು 120 ಎಂದಿಟ್ಟುಕೊಂಡರೆ ಒಟ್ಟು 950 ಕೆ.ಜಿ., ಅಂದರೆ ಸುಮಾರು 2,100 ಪೌಂಡ್. ಲೆಕ್ಕದ ಪ್ರಕಾರ 42 ಪೌಂಡ್ ಸಾಕು. ಆದರೆ ಈ ಲೆಕ್ಕಕ್ಕೆ ಗಾಳಿ ಗೊತ್ತಿಲ್ಲ. ಹಗುರವಾದ ಅಲ್ಯೂಮಿನಿಯಂ ದೋಣಿಯನ್ನು ಮಧ್ಯಾಹ್ನದ ಗಾಳಿಗೆ ಎದುರಾಗಿ ಹಿಡಿದಿಡಲು ಇನ್ನೂ ಬಲ ಬೇಕು. 12 ವೋಲ್ಟಿನ ಮೋಟರ್‌ಗಳು ಸಾಮಾನ್ಯವಾಗಿ 55 ಪೌಂಡಿಗೆ ನಿಲ್ಲುತ್ತವೆ. 24 ವೋಲ್ಟಿನವು 70ರಿಂದ 80 ಪೌಂಡ್ ಕೊಡುತ್ತವೆ, 36 ವೋಲ್ಟಿನವು 100 ದಾಟುತ್ತವೆ. 16 ಅಡಿಯ ದೋಣಿಗೆ 12 ವೋಲ್ಟ್ ಸಾಕು. 17 ಅಡಿಯಿಂದ ಮೇಲಕ್ಕೆ 24 ವೋಲ್ಟ್ ನೆಮ್ಮದಿಯ ಆಯ್ಕೆ. ಈ ಗಾತ್ರದ ಅಲ್ಯೂಮಿನಿಯಂ ದೋಣಿಗೆ 36 ವೋಲ್ಟ್ ಬಹುತೇಕ ಬೇಡದ ಭಾರ.

ಮೋಟರಿನ ದಂಡದ ಉದ್ದವನ್ನೂ ಅಳೆದು ನೋಡಬೇಕು. ಪ್ರೊಪೆಲರ್ ನೀರಿನ ಮೇಲ್ಮೈಯಿಂದ ಒಂದಡಿಯಾದರೂ ಕೆಳಗಿರಬೇಕು, ಇಲ್ಲವಾದರೆ ಅಲೆಗೆ ಮುಂಭಾಗ ಏರಿದಾಗಲೆಲ್ಲ ಅದು ಗಾಳಿಯಲ್ಲಿ ತಿರುಗಿ ಸದ್ದು ಮಾಡಿ ಮೀನನ್ನು ಓಡಿಸುತ್ತದೆ. ತಗ್ಗಾದ ದೋಣಿಗೆ 45 ಅಂಗುಲ, ಎತ್ತರದ ಮುಂಭಾಗವಿದ್ದರೆ 52 ಅಂಗುಲ ಸಾಮಾನ್ಯ. ಕಾಲಿನ ಪೆಡಲಿನಿಂದ ಕೇಬಲ್ ಎಳೆದು ತಿರುಗಿಸುವ ಮೋಟರ್ ಕಾಲಿಗೆ ತಕ್ಷಣ ಸ್ಪಂದಿಸುತ್ತದೆ, ಬೊಡ್ಡೆಗಳ ನಡುವೆ ನುಸುಳುವವರು ಈಗಲೂ ಅದನ್ನೇ ಮೆಚ್ಚುತ್ತಾರೆ. ವಿದ್ಯುತ್ತಿನಿಂದ ತಿರುಗುವ ಮೋಟರಿಗೆ ಜಿಪಿಎಸ್ ಸೇರಿದರೆ ಒಂದು ಗುಂಡಿ ಒತ್ತಿದಷ್ಟಕ್ಕೆ ಅದು ತಾನೇ ತಿರುಗುತ್ತಾ ದೋಣಿಯನ್ನು ಲಂಗರು ಹಾಕಿದಂತೆ ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ. ಆಳದ ನೀರಿನಲ್ಲಿ, ಗಾಳಿಯ ದಿನಗಳಲ್ಲಿ ಗಾಳ ಹಾಕುವವರಿಗೆ ಈ ಸೌಲಭ್ಯಕ್ಕೆ ಕೊಟ್ಟ ಹಣ ಎಂಜಿನ್ನಿಗೆ ಕೊಟ್ಟ ಹೆಚ್ಚುವರಿ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಬ್ಯಾಟರಿಯ ವಿಷಯದಲ್ಲಿ ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ, ಟ್ರೋಲಿಂಗ್ ಮೋಟರಿನದು ಬೇರೆ ಇರಲೇಬೇಕು. ಎರಡನ್ನೂ ಒಂದೇ ಮಾಡಿದರೆ ಸಂಜೆ ಮರಳುವ ಹೊತ್ತಿಗೆ ಎಂಜಿನ್ ಚಾಲೂ ಆಗದೆ ನೀರಿನ ನಡುವೆ ಉಳಿಯಬೇಕಾದೀತು. 55 ಪೌಂಡಿನ ಮೋಟರ್ ಪೂರ್ಣ ವೇಗದಲ್ಲಿ 50 ಆಂಪಿಯರ್ ಆಸುಪಾಸು ಎಳೆಯುತ್ತದೆ. 100 ಆಂಪಿಯರ್ ಅವರ್ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಅದರ ಆಯುಷ್ಯ ಕುಗ್ಗುವುದರಿಂದ, ಆ ವೇಗದಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ನಿಧಾನ ವೇಗದಲ್ಲಿ ವಿದ್ಯುತ್ತಿನ ಬಳಕೆ ಬಹಳ ಇಳಿಯುವುದರಿಂದಲೇ ದಿನವಿಡೀ ಗಾಳ ಹಾಕಲು ಆಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ತೂಕ ಸೀಸದ್ದರ ಅರ್ಧಕ್ಕಿಂತ ಕಡಿಮೆ, ಅದರ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಕೊಳ್ಳಬಹುದು. 24 ವೋಲ್ಟಿಗೆ ಎರಡು ಬ್ಯಾಟರಿ ಬೇಕಾಗುವುದರಿಂದ ದೋಣಿಯಲ್ಲಿ 30 ಕೆ.ಜಿ.ಗೂ ಹೆಚ್ಚು ಭಾರ ತಗ್ಗುತ್ತದೆ. ಬೆಲೆ ಹೆಚ್ಚು, ಅದಕ್ಕೆ ಹೊಂದುವ ಚಾರ್ಜರೂ ಬೇಕು. ಯಾವ ಬ್ಯಾಟರಿಯಾದರೂ ತಕ್ಕ ದಪ್ಪದ ತಂತಿ ಮತ್ತು ಸರ್ಕ್ಯೂಟ್ ಬ್ರೇಕರ್ ಹಾಕದೆ ಮೋಟರ್ ಜೋಡಿಸಬಾರದು.

ಅಲ್ಯೂಮಿನಿಯಂಗೆ ತಾಮ್ರ ಬದ್ಧ ವೈರಿ. ಎರಡು ಲೋಹಗಳು ತೇವದಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ. ಹುಳು ಹಿಡಿಯದಂತೆ ತಾಮ್ರದ ದ್ರಾವಣದಲ್ಲಿ ನೆನೆಸಿದ ಮರವನ್ನು ದೋಣಿಯ ನೆಲಕ್ಕೋ ಟ್ರೇಲರಿನ ಹಲಗೆಗೋ ಬಳಸಿ ಎಷ್ಟೋ ಒಡಲುಗಳನ್ನು ಹಾಳು ಮಾಡಿದ್ದಾರೆ. ಹಳೆಯ ದೋಣಿ ಕೊಳ್ಳುವವರು ನೆಲಕ್ಕೆ ಯಾವ ಮರ ಹಾಕಿದ್ದಾರೆಂದು ಕೇಳಲೇಬೇಕು. ಟ್ರಾನ್ಸಮ್ಮಿನೊಳಗೆ ಮರವಿದ್ದರೆ ಅದು ಕೊಳೆತಿದೆಯೇ ಎಂದು ತಿಳಿಯಲು ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ, ಟ್ರಾನ್ಸಮ್ ಬಾಗುವುದೇ ಎಂದು ನೋಡುತ್ತಾರೆ. ನೆಲದಡಿಯ ಫೋಮ್ ನೀರು ಕುಡಿದಿದ್ದರೆ ತೂಕದ ಸೇತುವೆಯ ಮೇಲೆ ಅದು ಗೊತ್ತಾಗುತ್ತದೆ. ಎಂಜಿನ್ನಿನ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ನುಗ್ಗಿದೆ ಎಂದರ್ಥ. ಟ್ರೇಲರಿನ ಚಕ್ರದ ಬೇರಿಂಗ್‌ಗಳನ್ನು ತಿರುಗಿಸಿ ಸದ್ದು ಕೇಳಬೇಕು, ಏಕೆಂದರೆ ಬಿಸಿಯಾದ ಬೇರಿಂಗ್ ಪ್ರತಿಸಲವೂ ತಣ್ಣೀರಿಗೆ ಇಳಿದು ಬೇಗ ಕೆಡುತ್ತದೆ.

ಕೊನೆಯದಾಗಿ ದೋಣಿಯನ್ನು ನೀರಿಗಿಳಿಸಿ ನೋಡದೆ ಹಣ ಕೊಡಬಾರದು. ಇಬ್ಬರು ಹತ್ತಿ, ಪೆಟ್ರೋಲ್ ಮತ್ತು ಮೀನಿನ ತೊಟ್ಟಿ ತುಂಬಿಸಿ, ಪೂರ್ಣ ವೇಗದಲ್ಲಿ ಸುತ್ತಿನ ಸಂಖ್ಯೆಯನ್ನು ಗಮನಿಸಬೇಕು. ಆಮೇಲೆ ಎಂಜಿನ್ ನಿಲ್ಲಿಸಿ, ಟ್ರೋಲಿಂಗ್ ಮೋಟರಿನಿಂದ ಗಾಳಿಗೆ ಎದುರಾಗಿ ಸಾಗಬೇಕು. ಅರ್ಧ ವೇಗದಲ್ಲಿ ದೋಣಿ ನಿಂತಲ್ಲೇ ನಿಂತರೆ ಬಲ ಸಾಲದು. ದಡಕ್ಕೆ ಬಂದ ಮೇಲೆ ತಳದ ಬಿರಡೆ ತೆಗೆದರೆ ರಿವೆಟ್‌ಗಳ ಸ್ಥಿತಿ ತಿಳಿಯುತ್ತದೆ: ಒಂದೆರಡು ಲೋಟ ನೀರು ಹರಿದರೆ ಚಿಂತೆಯಿಲ್ಲ, ಬಕೆಟ್‌ಗಟ್ಟಲೆ ಹರಿದರೆ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.